ಕಿಟಕಿ ಕಂಬಿ ಹಿಡಿದ ಆರ್ಕಿಡ್

ಮೇಡಂ ಅವರಿಗೆ,

ಹನ್ನೊಂದು ವರ್ಷದಿಂದ ನಿಮ್ಮ ಮನೆ ಗುಡಿಸಿ ಒರೆಸುವವಳು ಬರೆಯುವುದು. ಎದುರು ನಿಂತು ಇಷ್ಟೆಲ್ಲ ಹೇಳೋಕೆ ನನ್ನಿಂದ ಆಗಲ್ಲ, ಅದಕ್ಕೇ ಕಾಗದ.

ನಿಮ್ಮ ಮನೇಲಿದ್ದ ಆ ಆರ್ಕಿಡ್ ಹೂಗಿಡಕ್ಕೆ ನೀವು ದಿನಾ ನೀರು ಸುರಿದು ಬೇರು ಕೊಳೆಸಿದ್ರಿ. "ಸತ್ತಿದೆ ಕಣೇ, ಕಸಕ್ಕೆ ಹಾಕು" ಅಂದ್ರಿ. ನಾನು ಮನೆಗೆ ಒಯ್ದೆ. ಕೊಳೆತದ್ದನ್ನು ಬ್ಲೇಡಿನಲ್ಲಿ ಕತ್ತರಿಸಿ, ಉಳಿದದ್ದನ್ನು ಹಳೇ ಬಟ್ಟೆಯಲ್ಲಿ ಕಿಟಕಿ ಕಂಬಿಗೆ ಕಟ್ಟಿದೆ. ಎರಡು ವರ್ಷಕ್ಕೆ ಏಳು ಹೂ ಬಿಟ್ಟಿತು. ಖುಷಿ ತಡೀಲಾರದೆ ನಿಮಗೆ ಫೋಟೊ ತೋರಿಸಿದ್ದೂ ನಾನೇ.

"ಅಯ್ಯೋ, ನನ್ನ ಗಿಡ ಕದ್ದಿದ್ದೀಯಾ!" ಅಂದ್ರಿ. ತಮಾಷೆಯೋ ಸಿಟ್ಟೋ ತಿಳೀಲಿಲ್ಲ.

ನನಗೆ ತಲೆಬುಡ ಅರ್ಥವಾಗ್ತಿಲ್ಲ. ಕಸ ಯಾವತ್ತು ನಿಮ್ಮ ಸ್ವತ್ತಾಯ್ತು? ಮೊದಲ ಎಲೆಗೋ, ಏಳನೇ ಹೂವಿಗೋ? ನನ್ನ ಗಂಡ "ಕೊಟ್ಟು ಕೈತೊಳ್ಕೋ" ಅಂತಾನೆ. ಮಗಳು "ಕೊಟ್ರೆ ಕದ್ದೆ ಅಂತ ಒಪ್ಪಿಕೊಂಡ ಹಾಗೆ ಕಣಮ್ಮ" ಅಂತಾಳೆ. ಇಬ್ಬರದೂ ಸರಿ ಅನ್ನಿಸುತ್ತೆ. ಕೊಡೋಣ ಅಂತ ಹೋದರೆ ಬೇರುಗಳು ಕಂಬಿಯನ್ನು ಅಪ್ಪಿಕೊಂಡಿವೆ. ಕಿತ್ತರೆ ಈ ಸಲ ನಿಜವಾಗಿ ಸಾಯುತ್ತೆ. ನನ್ನ ಕೈ ಏಳಲಿಲ್ಲ. ಬೇಕಾದರೆ ನೀವೇ ಬಂದು ಕೀಳಿ, ಅಡ್ಡ ಬರಲ್ಲ.

ಒಂದೇ ಕೋರಿಕೆ. ನಿನ್ನೆಯಿಂದ ನಿಮ್ಮ ಗೇಟಿನ ಕಾವಲಿನವರು ನನ್ನ ಚೀಲ ಬಿಚ್ಚಿಸಿ ನೋಡ್ತಿದ್ದಾರೆ. ನೀವು ಹೇಳಿದ್ದೋ, ಅವರಾಗಿ ಮಾಡಿದ್ದೋ ಗೊತ್ತಿಲ್ಲ. ನಿಲ್ಲಿಸೋಕೆ ಹೇಳಿ. ಇಷ್ಟು ವರ್ಷ ನನ್ನ ಹತ್ತಿರವೇ ಇದ್ದ ನಿಮ್ಮ ಮನೆ ಬೀಗದ ಕೈಯನ್ನು ಈ ಕಾಗದದ ಜೊತೆ ಇಟ್ಟಿದ್ದೀನಿ. ನಾನು ಕೆಲಸಕ್ಕೆ ಬೇಕು ಅನ್ನಿಸಿದರೆ ಅದನ್ನು ಗೇಟಿಗೆ ತನ್ನಿ, ಅವರ ಕಣ್ಣೆದುರೇ ನನ್ನ ಕೈಗೆ ಕೊಡಿ.

ಇಂತಿ,
ನಾಳೆ ಬರಬೇಕೋ ಬೇಡವೋ ತಿಳಿಯದ
ನಿಮ್ಮ ಕೆಲಸದವಳು