ಆರನೇ ಕ್ಯಾಂಪಿಗೆ ಮುಂದಿನ ವರ್ಷ

ಜನವರಿ 9. ಸಂಜೆ 5

ಕ್ಲಿನಿಕ್ ವ್ಯಾನ್ ಮತ್ತೆ ಸ್ಟಾರ್ಟ್ ಆಗಲಿಲ್ಲ. ಡ್ರೈವರ್ ಬೈದ, ಒದ್ದ, ಕೊನೆಗೆ ‘ತಾಯೀ’ ಅಂತ ಬೇಡಿಕೊಂಡ. ಹೊರಟಿತು. ಇವನಿಗೂ ವ್ಯಾನಿಗೂ ಎತ್ತು ಏರಿಗೆ, ಕೋಣ ನೀರಿಗೆ.

ಕೂಲಿಗಳ ಮೂರನೇ ಕ್ಯಾಂಪಿನಲ್ಲಿ ಅರವತ್ತೆರಡು ರೋಗಿಗಳನ್ನು ನೋಡಿದೆ. ಎಲ್ಲ ದೂರದಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವರ ಭಾಷೆ ನನಗೆ ಬರುವುದಿಲ್ಲ, ಗುಬ್ಬಿಗೆ ಬರುತ್ತದೆ. ಎರಡು ವರ್ಷದ ಹಿಂದೆ ಅವಳೂ ಇಟ್ಟಿಗೆ ಹೊತ್ತವಳೇ. ಈಗ ನಮ್ಮ ಆರೋಗ್ಯ ಕಾರ್ಯಕರ್ತೆ. ಆಳು ಗುಬ್ಬಿ, ಗಂಟಲು ಲೌಡ್‌ಸ್ಪೀಕರ್.

ಒಟ್ಟು ಎಂಟು ಕ್ಯಾಂಪು. ಚೀಟಿ ಎತ್ತಿ ನಾಲ್ಕಕ್ಕೆ ಈ ವರ್ಷ ವ್ಯಾನ್, ಉಳಿದ ನಾಲ್ಕಕ್ಕೆ ಮುಂದಿನ ವರ್ಷ. ಎರಡನ್ನೂ ಹೋಲಿಸಿ ವ್ಯಾನಿನಿಂದ ಉಪಯೋಗವಿದೆ ಎಂದು ತೋರಿಸಿದರೆ ಸರ್ಕಾರ ಎಲ್ಲ ಕಡೆಗೂ ವ್ಯಾನ್ ಕೊಡುತ್ತದೆ. ಹೋಲಿಕೆ ಕೆಡಬಾರದೆಂದು ನಿಯಮ ಬರೆದವಳು ನಾನೇ — ಮುಂದಿನ ವರ್ಷದ ಕ್ಯಾಂಪುಗಳಿಗೆ ನಮ್ಮವರು ಯಾರೂ ಔಷಧಿಯನ್ನಾಗಲಿ, ಮೆಷಿನ್ನನ್ನಾಗಲಿ ಒಯ್ಯಕೂಡದು.

ಜನವರಿ 27

ಗುಬ್ಬಿಯ ಅಕ್ಕನನ್ನು ಮೇಸ್ತ್ರಿ ಮೂರನೇ ಕ್ಯಾಂಪಿನಿಂದ ಆರಕ್ಕೆ ಕಳಿಸಿದ್ದಾನೆ. ಅಲ್ಲಿ ಹೊಸ ಕಟ್ಟಡ ಎದ್ದಿದೆ. ಆರು — ಮುಂದಿನ ವರ್ಷದ ಪಟ್ಟಿ.

ಒಂಬತ್ತರಂದು ನಾನೇ ಅವಳ ಹೊಟ್ಟೆ ಮುಟ್ಟಿ ನೋಡಿದ್ದೆ. ಐದು ತಿಂಗಳು. ಕಚಗುಳಿ ಅಂತ ವ್ಯಾನೆಲ್ಲ ಅದುರುವ ಹಾಗೆ ನಕ್ಕಿದ್ದಳು. ಚೊಚ್ಚಲು.

ಫೆಬ್ರವರಿ 3. ಮಧ್ಯಾಹ್ನ

ಊಟದ ಹೊತ್ತಿಗೆ ಗುಬ್ಬಿ ಬಂದು ನಿಂತಳು. ಬಾಗಿಲಲ್ಲೇ.

“ಅಕ್ಕನ ಕಾಲು ಊದಿದೆ ಮೇಡಂ. ತಲೆನೋವು ಅಂತಾಳೆ. ಭಾನುವಾರ ಬಿಪಿ ಮೆಷಿನ್ ತಗೊಂಡು ಹೋಗ್ಲಾ? ಒಂದೇ ಸಲ.”

“ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ಮೆಷಿನ್ ಬೇಡ. ಒಬ್ಬಳಿಗೆ ನೋಡಿದ್ರೆ ಇಡೀ ಕ್ಯಾಂಪು ಸಾಲು ನಿಲ್ಲುತ್ತೆ. ಬೇಡ ಅಂತ ಹೇಗೆ ಹೇಳ್ತೀಯ?”

“ಯಾರಿಗೂ ಕಾಣದ ಹಾಗೆ ನೋಡ್ತೀನಿ.”

“ನಿಯಮ ಅಂದ್ರೆ ನಿಯಮ ಕಣೇ.”

“ಅವಳು ನಮ್ಮಕ್ಕ ಮೇಡಂ.”

“ಗೊತ್ತು” ಅಂದೆ. ಡಬ್ಬಿ ಮುಚ್ಚಿದೆ. ಹೋದಳು.

ಫೆಬ್ರವರಿ 7

ಆಸ್ಪತ್ರೆಗೆ ಹೋಗಿದ್ದರಂತೆ. ಕೌಂಟರಿನಲ್ಲಿ ಈ ಊರಿನ ವಿಳಾಸದ ಕಾರ್ಡು ಕೇಳಿದರು. ಇಲ್ಲ ಅಂದಿದ್ದಕ್ಕೆ ಇನ್ನೊಂದು ಕೌಂಟರು, ಅಲ್ಲಿಂದ ಮತ್ತೊಂದು. ಎರಡು ಗಂಟೆಗೆ ಕಿಟಕಿ ಮುಚ್ಚಿತು. ನಿಂತು ನಿಂತು ಕಾಲು ಇನ್ನಷ್ಟು ಊದಿತು. ‘ಇನ್ನೊಂದು ದಿನ ರಜ ಹಾಕಿದ್ರೆ ಜಾಗ ಖಾಲಿ ಮಾಡು’ ಅಂದಿದ್ದಾನೆ ಮೇಸ್ತ್ರಿ.

ರಕ್ತದ ಟ್ಯೂಬಿಗೆ ಲೇಬಲ್ ಅಂಟಿಸುತ್ತಾ ಗುಬ್ಬಿ ಹೇಳಿದಳು. ಮುಖ ಎತ್ತಲಿಲ್ಲ. ಹೆರಿಗೆ ವಾರ್ಡಿನ ಹಿರಿಯ ಡಾಕ್ಟರ್ ನನ್ನ ಬ್ಯಾಚಿನವಳು. ಫೋನ್ ಮಾಡ್ತೀನಿ ಅಂತ ಮಾತು ಕೊಟ್ಟೆ. ಮರೆಯಬಾರದೆಂದೇ ಇಲ್ಲಿ ಬರೆದಿದ್ದೇನೆ.

ಫೆಬ್ರವರಿ 10

ವರದಿ. ಮೀಟಿಂಗು. ಮತ್ತೆ ವರದಿ. ಫೋನ್ — ನಾಳೆ.

ಫೆಬ್ರವರಿ 20

ಗುಬ್ಬಿಯ ಅಕ್ಕ ಹೋದಳು. ನಿನ್ನೆ ಬೆಳಿಗ್ಗೆ, ಶೆಡ್ಡಿನಲ್ಲಿ, ಕೆಲಸಕ್ಕೆ ಹೊರಡಲು ಹೆಲ್ಮೆಟ್ ಹಾಕಿಕೊಂಡವಳಿಗೆ ಫಿಟ್ಸ್ ಬಂತು. ಮರಳಿನ ಲಾರಿಯಲ್ಲಿ ಒಯ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವೂ ಇಲ್ಲ.

ಬಿಪಿ ಏರಿದೆ ಅಂತ ಗೊತ್ತಾಗಿದ್ದರೆ ಮಾತ್ರೆ ಇತ್ತು. ಇಂಜೆಕ್ಷನ್ ಇತ್ತು. ಎರಡೂ ನಮ್ಮ ವ್ಯಾನಿನಲ್ಲೇ ಇದ್ದವು.

ನಾನು ಫೋನ್ ಮಾಡಲೇ ಇಲ್ಲ.

ಫೆಬ್ರವರಿ 22

ಅಮ್ಮನಿಗೆ ಹೇಳಿದೆ. ತಟ್ಟೆ ಮುಂದೆ ಕೂತು ಅಳುತ್ತಿದ್ದವಳ ಕಡೆ ನೀರಿನ ಲೋಟ ಸರಿಸಿದಳು.

“ಕ್ಯಾಂಪಿಗೆ ಹೋಗಬಾರದು ಸರಿ. ಮನೆಗೆ ಕರೆಸಬಾರದಿತ್ತೇನೆ?”

ಫೆಬ್ರವರಿ ಮೂರರಂದು ಆ ಮಾತು ನಾಲಿಗೆ ತುದಿಗೆ ಬಂದಿತ್ತು. ‘ಮನೆಗೆ ಕರ್ಕೊಂಡು ಬಾ.’ ನುಂಗಿಕೊಂಡೆ. ಅದೂ ಮೋಸವೇ ಆಗುತ್ತದೆ ಅನ್ನಿಸಿತ್ತು. ಲೆಕ್ಕ ಶುದ್ಧವಾಗಿರಬೇಕಿತ್ತು ನನಗೆ.

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು” ಅಂದಳು ಅಮ್ಮ. ಆಮೇಲೆ ತಲೆ ಸವರಿದಳು. ಸವರದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 2

ಗುಬ್ಬಿ ಕೆಲಸಕ್ಕೆ ಬಂದಳು. ತಾನಾಗಿ. ತೂಕದ ಮೆಷಿನ್ ಒರೆಸಿದಳು, ಹೆಸರು ಕೂಗಿದಳು. ಗಂಟಲು ಮೊದಲಿನ ಹಾಗಿಲ್ಲ. ಡ್ರೈವರ್ ಕೂಡ ಅವಳನ್ನು ರೇಗಿಸಲಿಲ್ಲ.

ಕ್ಷಮಿಸು ಅಂದೆ. “ನೀವು ಎಲ್ಲರ ಒಳ್ಳೇದಕ್ಕೇ ಮಾಡಿದ್ದಲ್ವಾ ಮೇಡಂ” ಅಂದಳು. ಕುಹಕ ಇರಲಿಲ್ಲ. ಬೈದಿದ್ದರೆ ಇವತ್ತು ಎರಡು ತುತ್ತು ಉಣ್ಣುತ್ತಿದ್ದೆ.

ಡಿಸೆಂಬರ್ 18. ಬೆಳಿಗ್ಗೆ 11

ಅಂಕಿಯಣ್ಣ — ನಮ್ಮ ಲೆಕ್ಕ ನೋಡುವವನು, ಕನಸಿನಲ್ಲೂ ಶೇಕಡಾವಾರು ಕಾಣುವವನು — ಲ್ಯಾಪ್‌ಟಾಪ್ ಹಿಡಿದುಕೊಂಡೇ ಓಡಿ ಬಂದ.

“ಗೆದ್ವಿ ಡಾಕ್ಟ್ರೇ. ವ್ಯಾನ್ ಹೋದ ಕಡೆಗೂ ಹೋಗದ ಕಡೆಗೂ ವ್ಯತ್ಯಾಸ ಸಾಬೀತಾಗಿದೆ. ಕೂದಲೆಳೆಯಲ್ಲಿ. ಆರನೇ ಕ್ಯಾಂಪಿನ ಆ ಒಂದು ಸಾವು ಇಲ್ಲದಿದ್ರೆ ಸರ್ಕಾರ ಒಪ್ಪೋ ಗೆರೆ ದಾಟ್ತಿರ್ಲಿಲ್ಲ ನೋಡಿ.”

“ಅದು ಗುಬ್ಬಿಯ ಅಕ್ಕ.”

ಲ್ಯಾಪ್‌ಟಾಪ್ ಮುಚ್ಚಿದ. ಪಾಪ, ಅವನಿಗೆ ಅವಳು ಬರೀ ಒಂದು ಸಾಲು. ಹೆಣ್ಣು, ಇಪ್ಪತ್ನಾಲ್ಕು, ಆರನೇ ಕ್ಯಾಂಪು.

ಸರ್ಕಾರ ಒಪ್ಪುತ್ತದೆ. ಎಂಟೂ ಕ್ಯಾಂಪಿಗೆ ವ್ಯಾನ್. ಹದಿನೈದು ವರ್ಷದಿಂದ ಕೇಳಿಕೊಂಡು ಬಂದದ್ದು ಕೈಗೆ ಬಂತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅವಳು ಬದುಕಿದ್ದರೆ ನಾನು ಸೋಲುತ್ತಿದ್ದೆ. ಇದನ್ನು ಯಾರಿಗೆ ಹೇಳಲಿ?

ಜನವರಿ 11. ಸಂಜೆ

ಆರನೇ ಕ್ಯಾಂಪಿಗೆ ವ್ಯಾನ್ ಹೋಯಿತು. ಮೊದಲ ದಿನ. ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಜನರಿಗೇ ಹೇಳಬೇಕು, ಅದೂ ನಿಯಮ. ಬೇರೆ ದುಭಾಷಿಯನ್ನು ಗೊತ್ತು ಮಾಡಿದ್ದೆ. ಗುಬ್ಬಿ ಬೇಡ ಅಂದಳು. “ನಾನೇ ಹೇಳ್ತೀನಿ.”

ಶೆಡ್ಡುಗಳ ನಡುವೆ, ಸಿಮೆಂಟ್ ಚೀಲ ಹಾಸಿಕೊಂಡು ಮೂವತ್ತು ಹೆಂಗಸರು. ನಾನು ಒಂದೊಂದೇ ವಾಕ್ಯ ಹೇಳಿದೆ, ಅವಳು ಅವರ ಭಾಷೆಗೆ ತಿರುಗಿಸಿದಳು. ವ್ಯಾನ್ ಹೋದ ಕಡೆ ಬಸುರಿಯರಿಗೆ ಅಪಾಯ ಕಡಿಮೆ. ತಿರುಗಿಸಿದಳು. ವ್ಯಾನ್ ಹೋಗದ ಕಡೆ ಒಬ್ಬಳು ತೀರಿಕೊಂಡಳು. ನನ್ನ ದನಿ ಒಡೆಯಿತು. ಅವಳದು ಒಡೆಯಲಿಲ್ಲ. ಆದರೆ ನನ್ನ ಒಂದು ವಾಕ್ಯಕ್ಕೆ ಅವಳು ಐದಾರು ಹೇಳಿದಳು. ಒಬ್ಬ ಮುದುಕಿ ಏನೋ ಕೇಳಿದಳು. ಗುಬ್ಬಿ ಉತ್ತರ ಕೊಟ್ಟಳು. ಎಲ್ಲರೂ ನನ್ನ ಕಡೆ ತಿರುಗಿದರು.

“ಏನು ಹೇಳಿದೆ?”

“ನೀವು ಹೇಳಿದ್ದೇ. ಅವಳು ನಮ್ಮಕ್ಕ ಅಂತಾನೂ ಹೇಳ್ದೆ.”

“ಆ ಅಜ್ಜಿ ಏನು ಕೇಳಿದ್ರು?”

“ಆಗ ಈ ಮೆಷಿನ್ ಎಲ್ಲಿತ್ತು ಅಂತ.”

“ನೀನೇನಂದೆ?”

“ವ್ಯಾನಲ್ಲೇ ಇತ್ತು ಅಂದೆ ಮೇಡಂ.”

ಸಾಲು ಮಾಡಿಸಲು ಹೋದಳು. ಮೊದಲು ಕೂತವಳು ಏಳು ತಿಂಗಳ ಬಸುರಿ. ತೋಳಿಗೆ ಪಟ್ಟಿ ಸುತ್ತಿದೆ. ಗುಂಡಿ ಒತ್ತಿದೆ. ಗಾಳಿ ತುಂಬಿತು, ಇಳಿಯಿತು, ಅಂಕಿ ಬಂತು. ಗಡಿಯಾರ ನೋಡಿದೆ. ನಲವತ್ತು ಸೆಕೆಂಡು. ಬರೀ ನಲವತ್ತು —