ಶುಕ್ರವಾರದೊಳಗೆ

ಸಿಬ್ಬಂದಿ ಅಧಿಕಾರಿಗಳಿಗೆ,

ನಮಸ್ಕಾರ. ಬಟ್ಟೆಯ ದೋಷ ಹಿಡಿಯುವ ಕ್ಯಾಮೆರಾ ಬಂತೆಂದು ತಪಾಸಣೆಯಿಂದ ನೀವು ತೆಗೆದ ಹನ್ನೊಂದು ಜನರಲ್ಲಿ ನಾನೂ ಒಬ್ಬಳು. ಮುಂದೆ ಓದಲು ಕಂಪನಿಯೇ ಫೀಸು ಕಟ್ಟುತ್ತದೆ ಎಂದಿರಿ, ಕಟ್ಟಿದಿರಿ, ಉಪಕಾರವಾಯಿತು. ನಾನು ಕೇಳಿದ್ದು ನರ್ಸಿಂಗ್. ಮಾಡುತ್ತಿದ್ದ ಕೆಲಸಕ್ಕೆ ಸಂಬಂಧಪಟ್ಟದ್ದನ್ನೇ ಓದಬೇಕೆಂಬ ನಿಯಮ ತೋರಿಸಿ ಬಟ್ಟೆ ತಪಾಸಣೆಯ ಉನ್ನತ ತರಗತಿಗೇ ಸೇರಿಸಿದಿರಿ. ಯಾರಿಗೂ ಬೇಡವಾದ ಕೆಲಸವನ್ನು ಈಗ ಇನ್ನಷ್ಟು ಚೆನ್ನಾಗಿ ಕಲಿಯುತ್ತಿದ್ದೇನೆ.

ಆ ನಿಯಮ ಸಡಿಲವಾಗಿದೆ, ಶುಕ್ರವಾರದೊಳಗೆ ಅರ್ಜಿ ಕೊಟ್ಟರೆ ಕೋರ್ಸು ಬದಲಾಯಿಸುತ್ತೀರಿ ಎಂದು ತಿಳಿಯಿತು. ಕೂಡಲೇ ಅರ್ಜಿ ಬರೆದು ಸಹಿಗೆಂದು ನಮ್ಮ ತರಗತಿಯ ಮೇಷ್ಟ್ರ ಹತ್ತಿರ ಹೋದೆ. ತರಗತಿಯಲ್ಲಿ ಉಳಿದಿರುವವಳು ನಾನೊಬ್ಬಳೇ. ಅವರು ತಕರಾರಿಲ್ಲದೆ ಸಹಿ ಹಾಕಿದರು. ಪೆನ್ನು ಮುಚ್ಚುತ್ತಾ, "ನೀವು ಹೋದ್ರೆ ಕ್ಲಾಸ್ ಮುಚ್ತಾರಮ್ಮ. ಆಮೇಲೆ ನಾನೂ ನಿಮ್ ಹಾಗೇ. ನನಗೆ ಫೀಸು ಕಟ್ಟೋ ಕಂಪನಿ ಇಲ್ಲ, ಅಷ್ಟೇ," ಎಂದು ನಕ್ಕರು.

ಅರ್ಜಿ ಇನ್ನೂ ನನ್ನ ಚೀಲದಲ್ಲೇ ಇದೆ. "ಊರ ಉಸಾಬರಿ ನಿಂಗ್ಯಾಕೆ ತಾಯಿ? ಕೊಟ್ಟು ಬಾ," ಎಂದು ಅಕ್ಕ ದಿನಾ ಬೈಯುತ್ತಾಳೆ. ಅವಳ ಮಾತು ಸರಿಯೇ. ಆದರೆ ನಿಮ್ಮ ಹಾಗೆ ಒಬ್ಬರ ಕೆಲಸ ತೆಗೆಯಲು ನನಗೆ ಕೈ ಬರುತ್ತಿಲ್ಲ.

ಅದಕ್ಕೇ ಒಂದು ವಿನಂತಿ. ತಪಾಸಣೆಯಲ್ಲಿ ಇನ್ನೂ ಇಬ್ಬರು ಉಳಿದಿದ್ದಾರೆ. ಅವರಲ್ಲಿ ಒಬ್ಬರನ್ನು ಹೇಗೂ ತೆಗೆಯುವುದಿದ್ದರೆ ಶುಕ್ರವಾರದೊಳಗೆ ತೆಗೆದು, ನನ್ನ ಜಾಗಕ್ಕೆ ಈ ತರಗತಿಗೆ ಕಳಿಸಿಕೊಡಿ.

ನಾನು ಕೇಳಿದೆನೆಂದು ಮಾತ್ರ ಅವರಿಗೆ ಹೇಳಬೇಡಿ. ಒಂಬತ್ತು ವರ್ಷ ಇಬ್ಬರೂ ನನ್ನ ಜೊತೆಯಲ್ಲೇ ಊಟಕ್ಕೆ ಕೂತವರು.

ಇತಿ,
ಮೂರನೇ ಮೇಜಿನಲ್ಲಿದ್ದವಳು