ಮಾತ್ರೆಯೋ ಡ್ರಿಪ್ಪೋ

ತಮ್ಮಾ,

ರಕ್ತಪರೀಕ್ಷೆಗೆಂದು ಬೇಗನೆ ಹೊರಟಿದ್ದೇನೆ. "ಕ್ಯಾನ್ಸರು ಅಂದವನೇ ಮದ್ದೂ ಕೊಡದೆ ಕೂರಿಸಿದ್ದಾನೆ" ಎಂದು ನೀನು ಇಷ್ಟು ದಿನ ಡಾಕ್ಟರನ್ನು ಬೈಯುತ್ತಲೇ ಬಂದೆ. ರಕ್ತದ ಈ ನಿಧಾನದ ಕಾಯಿಲೆಗೆ ಆರಂಭದಲ್ಲಿ ಕಾದು ನೋಡುವುದೇ ಕ್ರಮ. ಈಗ ಹಿಮೋಗ್ಲೋಬಿನ್ ಇಳಿದಿದೆ, ಕತ್ತಿನ ಗಂಟುಗಳೂ ಬೆಳೆದಿವೆ. ಇನ್ನು ಮದ್ದು ಶುರುಮಾಡಲೇಬೇಕೆಂದು ಡಾಕ್ಟರು ನಿನ್ನೆ ಹೇಳಿದರು. ಗಂಟಿನ ವಿಷಯ ನಿನಗೆ ಹೇಳಲಾರದೆ ನನ್ನ ಅಂಗಿಗಳ ಕೊರಳಪಟ್ಟಿಯನ್ನೆಲ್ಲ ಬಿಚ್ಚಿ ಸಡಿಲವಾಗಿ ಹೊಲಿದುಕೊಂಡೆ.

ದಿನವೂ ಮನೆಯಲ್ಲೇ ಮಾತ್ರೆಯೋ, ಕೆಲವು ತಿಂಗಳು ಆಸ್ಪತ್ರೆಯಲ್ಲಿ ಡ್ರಿಪ್ಪೋ, ಇಂದು ತಿಳಿಸಬೇಕು. ಹೊಲಿಗೆಯಂತ್ರ ಬಿಟ್ಟಿರಲಾರೆ, ಮಾತ್ರೆಯೇ ಇರಲಿ. ನಿನ್ನೆಯಿಂದ ಅಳುವೂ ಬಂದಿಲ್ಲ, ಮನಸ್ಸು ಮರಗಟ್ಟಿದೆ.

ಮೇಜಿನ ಮೇಲಿನ ಕೋಟಿಗೆ ಗುಂಡಿ ಹಚ್ಚು. ತೋಳಿನ ತಂಟೆಗೆ ಹೋಗಬೇಡ. ನಿನ್ನ ಹೊಲಿಗೆ ಊರಿಗೇ ಗೊತ್ತು.

ಆಮೇಲೆ ಆಸ್ಪತ್ರೆಗೆ ಬಾ. ಡಾಕ್ಟರ ಮೇಲೆ ಹಾರಾಡಕೂಡದು. ನಾನು ಉತ್ತರ ಹೇಳುವಾಗ ಪಕ್ಕದಲ್ಲಿ ಕುಳಿತಿದ್ದರೆ ಸಾಕು.

ಅಕ್ಕ